ಡಯಾಲಿಸಿಸ್ ಪೇಷಂಟನ್ನ ಮಂಚದಿಂದ ಎಬ್ಸೋದು ಹ್ಯಾಂಗ

ನಮ್ಮಪ್ಪಗ ವಾರಕ್ಕ ಮೂರು ಸಲ ಡಯಾಲಿಸಿಸ್. ಮೊದಲ ಆರು ತಿಂಗಳು ಮನಿಮಂದಿ ಎಲ್ಲಾ ಕೂಡಿ ಮಾಡಿದ ತಪ್ಪು ಒಂದ, ಅವ್ರು ಎದ್ದ್ರ ಸಾಕು "ನೀ ಕೂಡಪ್ಪ, ನಾ ತರ್ತೀನಿ" ಅನ್ನೋದು, ನೀರಿನ ಲೋಟ ಸೈತ ಕೈಗೇ ತಂದು ಕೊಡೋದು. ಪ್ರೀತಿಲೇ ಮಾಡಿದ್ವಿ ಖರೆ, ಆದ್ರ ತೊಡಿ ಕರಗಿ ಕಡ್ಡಿ ಆದ್ವು, ಒಂದಿನ ಪೈಖಾನಿಗೆ ಕುಂತವ್ರು ಏಳಲಿಕ್ಕ ಆಗ್ದ ಗ್ವಾಡಿ ಹಿಡ್ಕೊಂಡು ನನ್ನ ಕೂಗಿದ್ರು.

ಕಿಡ್ನಿ ಪೂರ್ತಿ ಕೆಟ್ಟಾಗ ಸ್ನಾಯು ಸವೀತಾವ, ರಕ್ತ ಕಮ್ಮಿ ಆಗ್ತದ, ಡಯಾಲಿಸಿಸ್ ಮುಗಿಸಿ ಬಂದ ದಿನ ಮೈ ಹಿಂಡಿ ಹಾಕ್ದಂಗ ಇರ್ತದ. ಹಂಗಂತ ಮಲಗೇ ಇದ್ರ ಸುಸ್ತು ಇನ್ನೂ ಜಾಸ್ತಿ. ಕಿಡ್ನಿ ಡಾಕ್ಟರ್‌ಗಳು ನೋಡೋ ಕೆಡಿಗೋ ಗೈಡ್‌ಲೈನ್ 2024ರಾಗ ವಾರಕ್ಕ 150 ನಿಮಿಷ ಮಧ್ಯಮ ಮಟ್ಟಕ್ಕ ಮೈ ಆಡಿಸ್ರಿ, ಇಲ್ಲಾ ಅವರವರ ಹಾರ್ಟ್, ಮೈ ತಡಕೊಳ್ಳೋವಷ್ಟು ಅಂತದ. ಆ 150ನ್ನ ಮೊದಲ ದಿನಾನ ಹೇಳಿಬಿಟ್ರಿ ಅಂದ್ರ ಯಾರೂ ಏಳಂಗಿಲ್ಲ.

"ಎಕ್ಸರ್‌ಸೈಜ್" ಅನ್ನೋ ಮಾತೇ ಎತ್ತಬ್ಯಾಡ್ರಿ. ನಮ್ಮಪ್ಪ "ಈ ವಯಸ್ಸಿನಾಗ ಪೈಲ್ವಾನ ಆಗ್ಲೇನು" ಅಂತಿದ್ರು. ಕೆಲಸ ಕೊಡ್ರಿ. ಓಣಿ ತುದಿಯಿಂದ ಹಾಲಿನ ಪಾಕೀಟು ತರೋದು ಅವ್ರ ಡ್ಯೂಟಿ ಅಂತ ಮಾಡಿದ್ವಿ, ಒಂದಿನ ಹೋಗ್ಲಿಲ್ಲಂದ್ರ ಮನ್ಯಾಗ ಯಾರಿಗೂ ಚಾ ಇಲ್ಲ, ಮೂರನೇ ದಿನಕ್ಕ ಬೈಕೋತ ಆದ್ರೂ ಚಪ್ಪಲಿ ಮೆಟ್ಟಿದ್ರು.

ಎಲ್ಲಾದಕ್ಕಿಂತ ಮೊದಲು ಕುರ್ಚಿ. ಪ್ಲಾಸ್ಟಿಕಿಂದು ಬ್ಯಾಡ, ಜಾರ್ತದ, ಕಟಗಿ ಕುರ್ಚಿ ಗ್ವಾಡಿಗೆ ಆನಿಸಿಡ್ರಿ. ಎರಡೂ ಕೈ ಎದಿ ಮ್ಯಾಲ ಕಟ್ಟಿ ಏಳೋದು, ಆಮ್ಯಾಲ ಧಪ್ಪಂತ ಬೀಳ್ದ ಮೂರು ಎಣಿಸ್ಕೋತ ನಿಧಾನ ಕೂಡೋದು, ತೊಡಿಗೆ ನಿಜವಾದ ಕೆಲಸ ಈ ಕೂಡೋದ್ರಾಗ ಅದ. ಕೈ ಕಟ್ಟಿ ಆಗ್ಲಿಲ್ಲಂದ್ರ ಕುರ್ಚಿ ಹಿಡಿ ಮ್ಯಾಲ ಕೈ ಇಟ್ಟು ಏಳ್ಲಿ, ನೀವು ರಟ್ಟಿ ಹಿಡಿದು ಜಗ್ಗಬ್ಯಾಡ್ರಿ, ಬಾಜೂಕ ನಿಂದರ್ರಿ ಸಾಕು. ಐದು ಸಲ, ದಿನಕ್ಕ ಎರಡು ಹೊತ್ತು. ನಮ್ಮಪ್ಪಗ ಐದರಿಂದ ಹತ್ತಕ್ಕ ಹೋಗಲಿಕ್ಕ ಎರಡು ತಿಂಗಳು ಬೇಕಾತು.

ನಡಿಗಿ ಡಯಾಲಿಸಿಸ್ ಇಲ್ಲದ ದಿನ ಇಟ್ಕೊಳ್ರಿ. ನಡೀವಾಗ ಮಾತಾಡಲಿಕ್ಕ ಬರ್ಬೇಕು, ಹಾಡಲಿಕ್ಕ ಬರಬಾರ್ದು, ಅದೇ ಅಳತಿ. ನಮ್ಮ ರಾಯಚೂರು ಬಿಸಲು ನಿಮಗ ಗೊತ್ತೇ ಅದ, ಏಪ್ರಿಲ್ ಮೇದಾಗ 40 ದಾಟ್ತದ, ಅದಕ್ಕ ಮಾವಿನಕೆರಿ ಕಡಿ ಹೋಗೋದಿದ್ರ ಮುಂಜಾನಿ ಏಳು ಗಂಟಿ ಒಳಗ ಮನಿ ಸೇರ್ರಿ. ನೀರಡಿಕಿ ಆಗ್ತದ, ಆದ್ರ ನೀರಿಗೆ ಲಿಮಿಟ್ ಹೇಳಿರ್ತಾರ, ಬಾಯಿ ಮುಕ್ಕಳಿಸಿ ಉಗುಳ್ರಿ. ದಾರ್ಯಾಗ ಎಳನೀರು ಬ್ಯಾಡೇ ಬ್ಯಾಡ, ಪೊಟ್ಯಾಸಿಯಂ ಜಾಸ್ತಿ, ಹಾರ್ಟ್ ಬಡಿತಾನೇ ತಪ್ಪಿಸಿಬಿಡ್ತದ. ಶುಗರ್ ಇದ್ದವ್ರು ಬರಿಗಾಲಾಗ ನಡೀಬಾರ್ದು, ಕಿಸೆದಾಗ ಸಕ್ಕರಿ ಇರ್ಲಿ, ಯಾಕಂದ್ರ ಕಿಡ್ನಿ ಕೆಟ್ಟ ಮ್ಯಾಲ ಇನ್ಸುಲಿನ್ ಮೈಯಾಗ ಜಾಸ್ತಿ ಹೊತ್ತು ಉಳೀತದ, ಶುಗರ್ ಗಪ್ಪನ ಇಳೀತದ.

ಡಯಾಲಿಸಿಸ್ ಬೆಡ್ ಮ್ಯಾಲೂ ಕಾಲು ಆಡಿಸಬಹುದು, ಸಿಸ್ಟರ್‌ಗೆ ಕೇಳಿ. ಮೊದಲ ಎರಡು ತಾಸಿನಾಗ ಮುಗಿಸ್ರಿ, ಆಮ್ಯಾಲ ಬಿಪಿ ಬೀಳೋದು ಜಾಸ್ತಿ. ತೊಡಿ ಸಂದಿನಾಗ ಡಯಾಲಿಸಿಸ್ ಪೈಪ್ ಇದ್ರ ಆ ಕಾಲು ಮಡಚಬಾರ್ದು. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲಿಕ್ಕ ಕೈಯಾಗ ರಕ್ತನಾಳ ಜೋಡಿಸಿ ಮಾಡಿದ್ದು) ಇರೋ ಕೈಲೆ ಕೊಡ ಎತ್ತಬ್ಯಾಡ್ರಿ. ಹೊಸ ಫಿಸ್ಟುಲಾ ಇದ್ರ ಡಾಕ್ಟರ್ ಹೇಳಿದ ಮ್ಯಾಲ ಮೆತ್ತನ ಬಾಲ್ ಹಿಸುಕೋದು ಒಳ್ಳೇದು.

ಡಯಾಲಿಸಿಸ್ ತಪ್ಪಿದ್ರ, ಮಲಗಿದ್ರ ಉಸಿರು ಕಟ್ಟಿದ್ರ, ಜ್ವರ ಇದ್ರ, ಬಿಪಿ ಏರಿದ್ರ ಅವತ್ತು ಏನೂ ಬ್ಯಾಡ. ನಡೀವಾಗ ಎದಿ ನೋವು, ತಲಿ ತಿರುಗೋದು ಬಂತಂದ್ರ ಅಲ್ಲೇ ಕೂಡ್ಸಿ ದವಾಖಾನಿಗೆ ಕರ್ಕೊಂಡು ಹೋಗ್ರಿ. ಶುರು ಮಾಡೋಕ್ಕಿಂತ ಮುಂಚೆನೂ ಒಂದ್ಸಲ ಡಾಕ್ಟರ್‌ಗೆ ಕೇಳೇ ಕೇಳ್ರಿ.

ಇನ್ನೊಂದು, ಮೊದಲ ವಾರ ಮೊಳಕಾಲು ನೋಯ್ತಾವ, ಆವಾಗ ಮೆಡಿಕಲ್ ಶಾಪ್‌ನ್ಯಾಗ ನೋವಿನ ಗುಳಿಗಿ ಕೇಳಿ ಡೈಕ್ಲೋಫೆನಾಕ್ ನುಂಗಿಸಬ್ಯಾಡ್ರಿ. ಉಳಿದ ಅಷ್ಟಿಷ್ಟು ಮೂತ್ರಾನೂ ಅದರಿಂದ ನಿಲ್ಲಬಹುದು. ನಾವು ಬಿಸಿನೀರಿನ ಅರಿವಿ ಕಾವು ಕೊಟ್ವಿ, ಎರಡು ದಿನ ನಡಿಗಿ ಬಿಟ್ವಿ, ಹಾಲಿನ ಪಾಕೀಟು ಮಾತ್ರ ಬಿಡ್ಲಿಲ್ಲ.