ಮಾದರಿ ರೈಲಿನ ಪಾಯಿಂಟ್‌ಗಳಲ್ಲಿ ಶಾರ್ಟ್ ಹುಡುಕಿದ ನನ್ನ ಅನುಭವ

ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ಕಟ್ಟಿರುವ ಎಚ್‌ಓ ಮಾದರಿ ರೈಲುಮಾರ್ಗ 1:87 ಪ್ರಮಾಣದ್ದು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಅದರ ಯಾರ್ಡಿನಲ್ಲಿ ಗಾಡಿಯನ್ನು ಒಂದು ದಾರಿಯಿಂದ ಇನ್ನೊಂದಕ್ಕೆ ತಿರುಗಿಸುವ ಆರು ಪಾಯಿಂಟ್‌ಗಳು ಚಳಿಗಾಲವಿಡೀ ಯಾವ ತೊಂದರೆಯನ್ನೂ ಕೊಡಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ಸ್ವಿಚ್ ಹಾಕಿದ ಕೂಡಲೇ, ಹಳಿಗಳಿಗೆ ವಿದ್ಯುತ್ತನ್ನೂ ಡಿಜಿಟಲ್ ಆದೇಶಗಳನ್ನೂ ಕಳಿಸುವ ಡಿಸಿಸಿ ಬೂಸ್ಟರ್ ಶಾರ್ಟ್ ಆಗಿದೆಯೆಂದು ಪೂರೈಕೆ ನಿಲ್ಲಿಸಿತು. ಹಳಿಯ ಮೇಲೆ ಒಂದು ಗಾಡಿಯೂ ಇರಲಿಲ್ಲ. ರಾತ್ರಿ ಮತ್ತೆ ಹಾಕಿದಾಗ ಎಲ್ಲವೂ ಸರಿಯಾಗಿತ್ತು; ಮರುದಿನ ಮಧ್ಯಾಹ್ನ ಅದೇ ಕಥೆ.

ಎರಡು ಹಳಿಗಳ ವ್ಯವಸ್ಥೆಯಲ್ಲಿ ಎಡ ಹಳಿಗೆ ಒಂದು ತಂತಿ, ಬಲ ಹಳಿಗೆ ಇನ್ನೊಂದು. ಪಾಯಿಂಟ್‌ನಲ್ಲಿ ಮಾತ್ರ ಒಂದು ದಾರಿಯ ಎಡ ಹಳಿಯೂ ಇನ್ನೊಂದು ದಾರಿಯ ಬಲ ಹಳಿಯೂ ಫ್ರಾಗ್ ಎಂಬ ಮೂಲೆಯಲ್ಲಿ ಸಂಧಿಸಲೇಬೇಕು. ನನ್ನವು ಲೋಹದ, ವಿದ್ಯುತ್ ಹರಿಯುವ ಲೈವ್ ಫ್ರಾಗ್ ಇರುವಂಥವು. ಪಾಯಿಂಟ್ ತಿರುಗಿದಂತೆ ಫ್ರಾಗಿನ ಧ್ರುವವನ್ನು ಮೋಟಾರಿನ ಕಾಂಟ್ಯಾಕ್ಟ್ ಬದಲಿಸುತ್ತದೆ. ಆದ್ದರಿಂದ ಫ್ರಾಗಿನಿಂದ ಆಚೆಗೆ ಹೊರಡುವ ಎರಡು ಒಳಹಳಿಗಳಲ್ಲಿಯೂ ವಿದ್ಯುತ್ ದಾಟದಂತೆ ಸೀಳು ಇರಬೇಕು. ಹಳಿಯ ತುದಿಗಳನ್ನು ಕೂಡಿಸುವ ಪ್ಲಾಸ್ಟಿಕ್ ಜಾಯಿನರ್ ಹಾಕಲು ಜಾಗವಿಲ್ಲದ ಕಡೆ ನಾನು ಆ ಸೀಳನ್ನು ಸಣ್ಣ ಗರಗಸದಿಂದ ಕೊಯ್ದಿದ್ದೆ.

ಬೂಸ್ಟರ್ ಪದೇ ಪದೇ ಕಡಿತಗೊಳ್ಳುತ್ತಿದ್ದರೆ ಹುಡುಕುವುದು ಕಷ್ಟ. ಹಾಗಾಗಿ ಬೂಸ್ಟರಿನಿಂದ ಹೊರಡುವ ಒಂದು ತಂತಿಯ ನಡುವೆ ಕಾರಿನ ಬ್ರೇಕ್ ದೀಪದ 12 ವೋಲ್ಟ್, 21 ವ್ಯಾಟ್ ಬಲ್ಬನ್ನು ಸರಣಿಯಲ್ಲಿ ಜೋಡಿಸಿದೆ. ಶಾರ್ಟ್ ಇದ್ದಾಗ ಬಲ್ಬ್ ಪೂರ್ಣವಾಗಿ ಬೆಳಗುತ್ತದೆ, ಪ್ರವಾಹ ಸುಮಾರು ಎರಡು ಆಂಪಿಯರ್‌ನಲ್ಲಿ ನಿಲ್ಲುತ್ತದೆ, ಶಾರ್ಟ್ ಬಿಟ್ಟ ಕ್ಷಣ ಆರುತ್ತದೆ. ಕಣ್ಣೆದುರೇ ಉತ್ತರ ಕೊಡುವ ಇಷ್ಟು ಅಗ್ಗದ ಉಪಕರಣ ಇನ್ನೊಂದಿಲ್ಲವೆಂದು ನಾನು ನಂಬಿದ್ದೇನೆ. ಮಧ್ಯಾಹ್ನದ ಬಿಸಿಯಲ್ಲೇ ಕುಳಿತು ಆರೂ ಪಾಯಿಂಟ್‌ಗಳನ್ನು ಒಂದೊಂದಾಗಿ ಆಚೀಚೆ ತಿರುಗಿಸಿದೆ. ನಾಲ್ಕನೆಯದನ್ನು ಯಾರ್ಡಿನ ಕಡೆಗೆ ತಿರುಗಿಸಿದಾಗ ಬಲ್ಬ್ ಆರಿತು. ನೇರ ದಾರಿಗೆ ಮರಳಿಸಿದರೆ ಮತ್ತೆ ಉರಿಯಿತು. ಒಂದು ದಿಕ್ಕಿನಲ್ಲಿ ಮಾತ್ರ ಶಾರ್ಟ್ ಆಗುವುದೆಂದರೆ ಫ್ರಾಗಿನ ಆಚೆಯ ಒಂದು ಸೀಳು ಮುಚ್ಚಿಕೊಂಡಿದೆ, ಇಲ್ಲವೇ ಧ್ರುವ ಬದಲಿಸುವ ಕಾಂಟ್ಯಾಕ್ಟ್ ಅಂಟಿಕೊಂಡಿದೆ ಎಂದರ್ಥ. ಫ್ರಾಗಿನ ತಂತಿಯನ್ನು ಬಿಡಿಸಿದ ಮೇಲೂ ಬಲ್ಬ್ ಮಂದವಾಗದಿದ್ದುದರಿಂದ ಕಾಂಟ್ಯಾಕ್ಟ್ ನಿರ್ದೋಷಿ ಎಂದು ತಿಳಿಯಿತು. ನೇರ ದಾರಿಯಲ್ಲಿ ಹೊರಹಳಿಗೆ ಒತ್ತಿಕೊಂಡು ಮುಚ್ಚಿದ ಅಲಗೇ (ಪಾಯಿಂಟ್ ತಿರುಗಿಸಿದಾಗ ಆಚೀಚೆ ಸರಿಯುವ ಚೂಪು ಹಳಿ) ಫ್ರಾಗಿಗೆ ವಿದ್ಯುತ್ ಕೊಡುತ್ತಿತ್ತು.

ಭೂತಗನ್ನಡಿಯಲ್ಲಿ ನೋಡಿದರೆ ಯಾರ್ಡಿನ ಕಡೆಯ ಸೀಳಿನ ಎರಡು ತುದಿಗಳು ಕೂದಲೆಳೆಯ ಅಂತರವೂ ಇಲ್ಲದೆ ತಾಗಿದ್ದವು. ನಿಕಲ್ ಸಿಲ್ವರ್ ಹಳಿ 20 ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 0.3 ಮಿಲಿಮೀಟರ್ ಹಿಗ್ಗುತ್ತದೆ. ನಾನು ಕೊಯ್ದ ಸೀಳು ಅದಕ್ಕಿಂತ ಹೆಚ್ಚು ಅಗಲವಾಗಿರಲಿಲ್ಲ. ಸೀಳನ್ನು ಮತ್ತೆ ಕೊಯ್ದು, ಅದರೊಳಗೆ ತೆಳುವಾದ ಪ್ಲಾಸ್ಟಿಕ್ ಚೂರನ್ನು ಸೂಪರ್ ಗ್ಲೂನಿಂದ ಅಂಟಿಸಿ, ಒಣಗಿದ ಬಳಿಕ ಹಳಿಯ ಆಕಾರಕ್ಕೆ ಅರದಿಂದ ಉಜ್ಜಿದೆ. ಉಳಿದ ಹನ್ನೊಂದು ಸೀಳುಗಳಿಗೂ ಅದೇ ವಾರ ಇದನ್ನೇ ಮಾಡಿದೆ.

ಅಷ್ಟಾದರೂ ಒಂದು ತೊಂದರೆ ಉಳಿಯಿತು: ಒಂದು ಹಳೆಯ ಡೀಸೆಲ್ ಎಂಜಿನ್ ಎರಡನೆಯ ಪಾಯಿಂಟ್‌ನ ಅಲಗುಗಳನ್ನು ದಾಟುವಾಗ ಮಾತ್ರ ಕ್ಷಣಕಾಲ ಕಿಡಿ ಹಾರಿ ನಿಲ್ಲುತ್ತಿತ್ತು. ಬೇರೆ ಎಂಜಿನ್‌ಗಳು ಸರಾಗವಾಗಿ ಹೋಗುತ್ತಿದ್ದುದರಿಂದ ಚಕ್ರಗಳನ್ನು ಅಳೆದೆ. ಎರಡು ಚಕ್ರಗಳ ಒಳಬದಿಯ ನಡುವೆ ಸುಮಾರು 14.4 ಮಿಲಿಮೀಟರ್ ಇರಬೇಕಾದಲ್ಲಿ ಒಂದು ಜೋಡಿಯಲ್ಲಿ 14.0 ಮಾತ್ರ ಇತ್ತು. ತೆರೆದಿರುವ ಅಲಗು ಫ್ರಾಗಿನ ಧ್ರುವದಲ್ಲಿರುತ್ತದೆ, ಪಕ್ಕದ ಹೊರಹಳಿ ವಿರುದ್ಧ ಧ್ರುವದಲ್ಲಿ. ಹೊರಹಳಿಯ ಮೇಲೆ ಉರುಳುವ ಚಕ್ರದ ಬೆನ್ನು ಆ ಅಲಗನ್ನು ಸವರಿದರೆ ಎರಡೂ ಕೂಡಿಬಿಡುತ್ತವೆ. ಚಕ್ರವನ್ನು ಅಚ್ಚಿನ ಮೇಲೆ ಮೆಲ್ಲನೆ ತಿರುಗಿಸುತ್ತ ಹೊರಕ್ಕೆಳೆದು ಅಳತೆಗೆ ತಂದದ್ದೇ ಕಿಡಿ ನಿಂತಿತು.

ಆದರೆ ಅತಿಥಿಗಳು ತರುವ ಎಂಜಿನ್‌ಗಳ ಚಕ್ರಗಳನ್ನೆಲ್ಲ ನಾನು ಅಳೆಯುತ್ತ ಕೂರಲಾಗದು. ಆದ್ದರಿಂದ ಆ ಪಾಯಿಂಟನ್ನು ಕಿತ್ತು, ಅಲಗು ಮತ್ತು ಫ್ರಾಗ್ ನಡುವಿನ ಎರಡೂ ಹಳಿಗಳನ್ನು ಕತ್ತರಿಸಿ, ಪ್ರತಿ ಅಲಗನ್ನು ಅದರ ಪಕ್ಕದ ಹೊರಹಳಿಗೆ ಅಡಿಯಿಂದ ಸಣ್ಣ ತಂತಿಯಲ್ಲಿ ಬೆಸೆದೆ. ಈಗ ಚಕ್ರ ಅಲಗನ್ನು ತಾಗಿದರೂ ಎರಡರದೂ ಒಂದೇ ಧ್ರುವ. ಬೆಸುಗೆ ಹಾಕುವಾಗ ಪ್ಲಾಸ್ಟಿಕ್ ಸ್ಲೀಪರ್ ಕರಗದಂತೆ ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟು, ಕಾದ ತುದಿಯನ್ನು ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಲಿಲ್ಲ. ಮರಳಿ ಕೂರಿಸುವ ಮೊದಲು ಮೇಜಿನ ಮೇಲೆಯೇ, ಯಾವ ತಂತಿಯೂ ಗಾಡಿಯೂ ಇಲ್ಲದೆ, ಮಲ್ಟಿಮೀಟರಿನ ಬೀಪ್ ಇಟ್ಟು ಫ್ರಾಗಿನಿಂದ ಎರಡೂ ಅಲಗುಗಳಿಗೆ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಂಡೆ. ಉಳಿದ ಐದು ಪಾಯಿಂಟ್‌ಗಳಲ್ಲಿ ಮೂರಕ್ಕೆ ಈ ಬದಲಾವಣೆ ಮುಗಿದಿದೆ; ಇನ್ನೆರಡನ್ನು ಜಲ್ಲಿ ಅಂಟಿಸುವ ಮೊದಲೇ ಮಾಡಬೇಕಾಗಿದೆ.