ಕುಂಡ ಬದಲಾಯಿಸಿದ ಮೇಲೆ ಪತಂಗ ಆರ್ಕಿಡ್‌ನ ಆರೈಕೆ

ಪತಂಗ ಆರ್ಕಿಡ್ ಎಂದು ಕರೆಯುವ ಫೆಲನಾಪ್ಸಿಸ್ ಗಿಡವನ್ನು ಹೊಸ ಕುಂಡಕ್ಕೆ ಬದಲಾಯಿಸಿದ ನಂತರದ ಮೊದಲ ಆರು ವಾರಗಳಲ್ಲಿ ಅದಕ್ಕೆ ಬೇಕಾದದ್ದು ನಮ್ಮ ಕಣ್ಣಿನ ಎಚ್ಚರವೇ ಹೊರತು ಹೆಚ್ಚಿನ ನೀರು, ಗೊಬ್ಬರವಲ್ಲ. ಬಹಳಷ್ಟು ಗಿಡಗಳು ಈ ಅವಧಿಯಲ್ಲಿ ಸಾಯುವುದು ಅಲಕ್ಷ್ಯದಿಂದಲ್ಲ, ಅತಿಯಾದ ಉಪಚಾರದಿಂದ. ಎಲೆ ಸ್ವಲ್ಪ ಬಾಡಿದಂತೆ ಕಂಡ ಕೂಡಲೇ ನೀರು ಹಾಕುತ್ತಾ ಹೋದರೆ, ಗಾಯಗೊಂಡ ಬೇರುಗಳು ಚೇತರಿಸಿಕೊಳ್ಳುವ ಮೊದಲೇ ಕೊಳೆತುಹೋಗುತ್ತವೆ.

ಇದಕ್ಕೆ ಕಾರಣ ಬೇರಿನ ರಚನೆಯಲ್ಲಿದೆ. ಮಲೆನಾಡಿನ ಮರಗಳ ಮೇಲೆ ಬೆಳೆಯುವ ಸೀತಾಳೆ ದಂಡೆಯನ್ನು ನೋಡಿದವರಿಗೆ ಇದು ಹೊಸತಲ್ಲ: ಅದರ ಬೇರುಗಳು ಮಣ್ಣಿಗಿಳಿಯದೆ ತೊಗಟೆಯನ್ನು ಅಪ್ಪಿಕೊಂಡು ಗಾಳಿಯಲ್ಲೇ ಇರುತ್ತವೆ. ಆಗ್ನೇಯ ಏಷ್ಯಾದ ಕಾಡುಗಳಿಂದ ಬಂದ ಫೆಲನಾಪ್ಸಿಸ್‌ನ ಬದುಕೂ ಹೀಗೆಯೇ. ಅದರ ಬೇರಿನ ಮೇಲೆ ಸ್ಪಂಜಿನಂಥ ಬಿಳಿಯ ಹೊದಿಕೆಯೊಂದಿದ್ದು, ಮಳೆ ಬಿದ್ದಾಗ ಕ್ಷಣಗಳಲ್ಲಿ ನೀರು ಹೀರಿ ಹಸಿರಾಗುತ್ತದೆ, ಒಣಗಿದಾಗ ಮತ್ತೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಎರಡು ಮಳೆಗಳ ನಡುವೆ ಗಾಳಿಯಾಡುವ ಈ ಬಿಡುವು ಸಿಗದಿದ್ದರೆ ಬೇರು ಉಸಿರುಕಟ್ಟಿ ಸಾಯುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಕುಂಡವನ್ನು ನಾನು ಎಲ್ಲರಿಗೂ ಸೂಚಿಸುವುದು ಈ ಬಣ್ಣ ಹೊರಗಿನಿಂದಲೇ ಕಾಣಲಿ ಎಂಬ ಉದ್ದೇಶದಿಂದ.

ಕುಂಡ ಬದಲಾಯಿಸುವಾಗ ಕೊಳೆತ ಬೇರುಗಳನ್ನು ಕತ್ತರಿಸಿದ್ದರೆ, ಗಾಯ ಒಣಗಲು ಮೂರರಿಂದ ಐದು ದಿನ ನೀರು ಹಾಕದೆ ಬಿಡುವುದು ಒಳ್ಳೆಯದು. ಬೇರೊಂದನ್ನೂ ಕತ್ತರಿಸದೆ, ಮುರಿಯದೆ ಬದಲಾಯಿಸಿದ್ದರೆ ಮರುದಿನವೇ ನೀರು ಕೊಡಬಹುದು. ಕೊಡುವಾಗ ಮಾತ್ರ ಚಮಚದಲ್ಲಿ ಅಳೆದು ಹನಿಸಬಾರದು. ಕುಂಡದ ತಳದ ತೂತುಗಳಿಂದ ಧಾರಾಳವಾಗಿ ಹರಿದುಹೋಗುವಷ್ಟು ಹಾಕಿ, ಪೂರ್ತಿ ಬಸಿದ ಮೇಲೆ ಜಾಗಕ್ಕೆ ಇಡಬೇಕು. ಮುಂದಿನ ನೀರು ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದ ಮೇಲೆಯೇ. ಬೇರು ಕಾಣದ ಕುಂಡವಾದರೆ ತೆಳುವಾದ ಬಿದಿರು ಕಡ್ಡಿಯೊಂದನ್ನು ಕುಂಡದಲ್ಲಿ ತುಂಬಿರುವ ತೊಗಟೆ ಚೂರು ಅಥವಾ ತೆಂಗಿನ ಸಿಪ್ಪೆಯ ಮಿಶ್ರಣದೊಳಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ. ಅದು ತೇವವಾಗಿದ್ದರೆ ಇನ್ನೂ ಕಾಯಬೇಕು. ಬೆಂಗಳೂರಿನಲ್ಲಿ ನನ್ನ ಗಿಡಗಳಿಗೆ ಏಪ್ರಿಲ್‌ನಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಮಳೆಗಾಲದಲ್ಲಿ ಎಂಟು–ಹತ್ತು ದಿನಕ್ಕೊಮ್ಮೆ ನೀರು ಬೇಕಾಗುತ್ತದೆ. ಆದರೆ ಈ ಲೆಕ್ಕವನ್ನು ನೆಚ್ಚದೆ ಬೇರನ್ನೇ ನೋಡಬೇಕೆಂಬುದು ನನ್ನ ಕೋರಿಕೆ. ಹೊಸ ತೊಗಟೆ ಚೂರುಗಳು ಹಳೆಯವುಗಳಷ್ಟು ನೀರು ಹಿಡಿಯುವುದಿಲ್ಲವಾದ್ದರಿಂದ ಮೊದಲ ತಿಂಗಳು ಕುಂಡ ಬೇಗ ಒಣಗುವುದು ಸಹಜ. ತೆಂಗಿನ ಸಿಪ್ಪೆಯ ತುಂಡುಗಳನ್ನು ಬಳಸಿದ್ದರೆ ಸ್ಥಿತಿ ಇದಕ್ಕೆ ತಿರುಗಾಮುರುಗಾ. ಅವು ಹೆಚ್ಚು ಕಾಲ ತೇವ ಹಿಡಿದಿಡುತ್ತವೆ. ಕೊಳವೆಬಾವಿಯ ಗಡಸು ನೀರಿನ ಬದಲು ಸಂಗ್ರಹಿಸಿದ ಮಳೆನೀರು ಸಿಕ್ಕರೆ ಅದಕ್ಕಿಂತ ಉತ್ತಮವಾದುದಿಲ್ಲ.

ನೀರನ್ನು ಬೆಳಿಗ್ಗೆಯೇ ಹಾಕಬೇಕು. ಎಲೆಗಳು ಕೂಡುವ ನಡುವಿನ ಸುಳಿಯಲ್ಲಿ ನೀರು ನಿಂತರೆ ಕಾಗದದ ತುದಿಯಿಂದ ಕೂಡಲೇ ಹೀರಿಸಿ ತೆಗೆಯಬೇಕು. ಈ ಗಿಡಕ್ಕೆ ಸಾಮಾನ್ಯವಾಗಿ ಇರುವುದು ಒಂದೇ ಬೆಳೆಯುವ ಸುಳಿ; ಅದು ಕೊಳೆತರೆ ಗಿಡ ಉಳಿಯುವುದು ಅಪರೂಪ.

ನೀರಿನಷ್ಟೇ ಮುಖ್ಯವಾದ, ಆದರೆ ಬಹುತೇಕರು ಮರೆಯುವ ಸಂಗತಿ ಗಿಡ ಅಲುಗಾಡದಂತೆ ನೋಡಿಕೊಳ್ಳುವುದು. ಹೊಸ ಬೇರಿನ ತುದಿ ಅತ್ಯಂತ ಮೃದು. ಗಾಳಿಗೋ, ಕುಂಡವನ್ನು ಎತ್ತಿಡುವಾಗಲೋ ಗಿಡ ಓಲಾಡಿದರೆ ಆ ತುದಿ ತೊಗಟೆಗೆ ಉಜ್ಜಿ ಬೆಳವಣಿಗೆ ನಿಂತುಹೋಗುತ್ತದೆ. ಆದ್ದರಿಂದ ಕಡ್ಡಿಯೊಂದನ್ನು ಊರಿ ಕಾಂಡವನ್ನು ಮೆತ್ತನೆಯ ದಾರದಿಂದ ಸಡಿಲವಾಗಿ ಕಟ್ಟಿ, ಬೇರು ಹಿಡಿಯುವವರೆಗೆ ಒಂದೇ ಕಡೆ ಬಿಡಿ.

ಆ ಜಾಗ ಬೆಳಕಿರುವ, ಆದರೆ ಬಿಸಿಲು ನೇರವಾಗಿ ಬೀಳದ ಸ್ಥಳವಾಗಿರಬೇಕು. ಪೂರ್ವದ ಕಿಟಕಿಗೆ ತೆಳುವಾದ ಪರದೆ ಹಾಕಿದರೆ ಸಾಕು. ಮಧ್ಯಾಹ್ನ ಎಲೆಯನ್ನು ಮುಟ್ಟಿ ನೋಡಿದಾಗ ಬಿಸಿಯೆನಿಸಿದರೆ ಗಿಡವನ್ನು ಇನ್ನಷ್ಟು ಒಳಗೆ ಸರಿಸಬೇಕು. ಗಾಳಿಯ ತೇವ ಶೇ. 50ರಿಂದ 70ರಷ್ಟಿದ್ದರೆ ಗಿಡ ನೆಮ್ಮದಿಯಿಂದಿರುತ್ತದೆ. ಮಂಗಳೂರಿನವರಿಗೆ ಇದರ ಚಿಂತೆಯಿಲ್ಲ; ಅವರು ಗಾಳಿಯಾಟದ ಕಡೆಗೆ ಗಮನ ಕೊಟ್ಟು, ಮುಂಗಾರಿನಲ್ಲಿ ಕುಂಡವನ್ನು ಸೂರಿನ ಕೆಳಗಿಡಬೇಕು. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಮಾತ್ರ ಜಲ್ಲಿಕಲ್ಲು ತುಂಬಿದ ತಟ್ಟೆಯಲ್ಲಿ ನೀರು ಹಾಕಿ, ಕುಂಡದ ತಳ ನೀರಿಗೆ ತಾಗದಂತೆ ಕಲ್ಲುಗಳ ಮೇಲಿಡುವುದರಿಂದ ಸ್ವಲ್ಪ ಸಹಾಯವಾಗುತ್ತದೆ.

ಗೊಬ್ಬರಕ್ಕೆ ಅವಸರ ಬೇಡ. ನಾಲ್ಕು ವಾರ ಕಳೆದು, ಬೇರಿನ ತುದಿಯಲ್ಲಿ ಹೊಳೆಯುವ ಹಸಿರು ಅಥವಾ ಕೆಂಗಂದು ಬಣ್ಣ ಕಂಡ ಮೇಲೆ, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಂನಷ್ಟು ಬೆರೆಸಿ ಎರಡು ವಾರಕ್ಕೊಮ್ಮೆ ಕೊಡಬಹುದು. ತಿಂಗಳಿಗೊಮ್ಮೆ ಬರಿಯ ನೀರನ್ನು ಹರಿಸಿ ಉಳಿದ ಲವಣವನ್ನು ತೊಳೆಯಬೇಕು.

ಈ ನಡುವೆ ತೀರಾ ಕೆಳಗಿನ ಎಲೆಯೊಂದು ಹಳದಿಯಾಗಿ ಉದುರಿದರೆ ಗಾಬರಿ ಬೇಡ. ಅದು ಮುಪ್ಪಾದ ಎಲೆ. ಆದರೆ ಎಲ್ಲ ಎಲೆಗಳೂ ಸುಕ್ಕುಗಟ್ಟಿ ಜೋತುಬಿದ್ದರೆ, ನೀರು ಹೀರಲು ಸಾಕಷ್ಟು ಬೇರುಗಳಿಲ್ಲ ಎಂದರ್ಥ. ಆಗ ನೀರು ಹೆಚ್ಚಿಸದೆ, ಸುತ್ತಲಿನ ಗಾಳಿಯ ತೇವವನ್ನು ಹೆಚ್ಚಿಸಿ, ಉಳಿದಿರುವ ಹೂದಂಡಿದ್ದರೆ ಅದನ್ನು ಬುಡದಲ್ಲೇ ಕತ್ತರಿಸಿಬಿಡಬೇಕು. ಮನಸ್ಸಿಗೆ ಕಷ್ಟವಾದರೂ, ಬೇರಿಲ್ಲದ ಗಿಡ ಹೂವಿಗೆ ಸುರಿಯುವ ಶಕ್ತಿ ಅದರ ಪ್ರಾಣದಿಂದಲೇ ಬರುವುದು. ಎಲೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆಗಳು ಕಂಡರೆ ಅದು ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಿರಿ.

ಮಾರ್ಚ್‌ನಲ್ಲಿ ಬದಲಾಯಿಸಿದ ಗಿಡ ಮಳೆಗಾಲದಲ್ಲಿ ಬೇರು, ಎಲೆಗಳನ್ನು ಬೆಳೆಸಿಕೊಂಡು, ಚಳಿಗಾಲದ ತಂಪು ಹಲವು ವಾರ ಸತತವಾಗಿ ಸಿಕ್ಕಾಗ ಹೂದಂಡನ್ನು ಹೊರಡಿಸುತ್ತದೆ. ಎಲೆಯ ಬುಡದಿಂದ ಹೊಸದಾಗಿ ಇಣುಕುವ ಮೊಳಕೆ ದುಂಡಗೆ, ನುಣುಪಾಗಿದ್ದರೆ ಅದು ಬೇರು. ತುದಿ ಚಪ್ಪಟೆಯಾಗಿ, ಮಡಚಿದ ಮೊಗ್ಗಿನಂತಿದ್ದು ಮೇಲ್ಮುಖವಾಗಿದ್ದರೆ ಅದು ಹೂದಂಡು. ಅದು ಕಂಡ ದಿನದಿಂದ ಕುಂಡದ ದಿಕ್ಕನ್ನು ಬದಲಾಯಿಸಬೇಡಿ. ದಂಡು ಬೆಳಕಿನತ್ತ ಬಾಗುವುದರಿಂದ, ತಿರುಗಿಸಿದಷ್ಟೂ ಸೊಟ್ಟಗಾಗಿ ಹೂಗಳು ಒಂದೊಂದು ದಿಕ್ಕಿಗೆ ಮುಖ ಮಾಡುತ್ತವೆ.