ಮೊದಲ ಮೂರು ದಿನ ಬರೀ ಕಟ್ಟಡ: ಸೈಗಾನಿನಲ್ಲಿ ಫೋಟೋ ತೆಗೆದ ಕಥೆ

2025ರ ಜನವರಿಯಲ್ಲಿ ಒಂದು ಪ್ರವಾಸ ಪತ್ರಿಕೆಯವರು ನನ್ನನ್ನು ಎಂಟು ದಿನಕ್ಕೆ ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿಗೆ ಕಳಿಸಿದರು. ಅಲ್ಲಿನ ಜನ ಇವತ್ತಿಗೂ ಸೈಗಾನ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಸಂಪಾದಕರು ಹೇಳಿದ್ದು ಒಂದೇ ಮಾತು: "ಊರು ಬೆಳೀತಿರೋದು ಕಾಣಬೇಕು."

ಬೆಳೆಯೋದು ಅಂದ್ರೆ ಎತ್ತರ ಅಲ್ವಾ? ಮೂರು ದಿನ ಬರೀ ಎತ್ತರದ ಕಟ್ಟಡ ತೆಗೆದೆ. 461 ಮೀಟರಿನ ಲ್ಯಾಂಡ್‌ಮಾರ್ಕ್ 81, 262 ಮೀಟರಿನ ಬಿಟೆಕ್ಸ್ಕೋ, ಸಂಜೆ ಲೈಟು ಹಾಕಿಕೊಂಡು ನಿಲ್ಲುವ ಬಾ ಸೋನ್ ಸೇತುವೆ. ಟಾರಸಿ ಮೇಲಿನ ಕೆಫೆಗಳಿಗೆ ಕಾಫಿ ದುಡ್ಡು ಸುರಿದದ್ದೇ ಸುರಿದದ್ದು. ಮೂರನೇ ರಾತ್ರಿ ಇಪ್ಪತ್ತು ಫೋಟೋ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು.

"ಚೆನ್ನಾಗಿದೆ ಕಣಯ್ಯಾ. ಆದ್ರೆ ಇದು ವೈಟ್‌ಫೀಲ್ಡ್ ಅಂದ್ರೂ ನಂಬ್ತೀನಿ."

ಬೇಜಾರಾಯಿತು. ಆದರೆ ಅವರು ಹೇಳಿದ್ದು ಸರಿಯಾಗೇ ಇತ್ತು.

ಆ ರಾತ್ರಿ ಹಳೇದೊಂದು ನೆನಪಾಯಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ನಮ್ಮ ಮೆಟ್ರೋ ಶುರುವಾದಾಗ ನಾನೂ ಕ್ಯಾಮೆರಾ ಹಿಡಿದು ಓಡಿದ್ದೆ. ರೇಷ್ಮೆ ಸೀರೆ ಉಟ್ಟು, ಮೊಮ್ಮಕ್ಕಳ ಕೈ ಹಿಡಿದು, ಸುಮ್ನೆ ಒಂದು ರೌಂಡ್ ಹೋಗಿ ಬರೋಕೆ ಅಂತಲೇ ಬಂದ ಜನ ಸುತ್ತಲೂ ಇದ್ದರು. ನಾನು ತೆಗೆದದ್ದೇನು? ರೈಲು. ಬರೀ ರೈಲು. ಆ ಜನರದ್ದು ಒಂದೇ ಒಂದು ಫೋಟೋ ನನ್ನ ಹತ್ತಿರ ಇಲ್ಲ.

ಸೈಗಾನಿನ ಮೊದಲ ಮೆಟ್ರೋ ಶುರುವಾಗಿದ್ದು 2024ರ ಡಿಸೆಂಬರ್ 22ಕ್ಕೆ. ಬೆನ್ ಥಾನ್ ಮಾರುಕಟ್ಟೆಯಿಂದ ಸುವೊಯ್ ತಿಯೆನ್‌ವರೆಗೆ 19.7 ಕಿಲೋಮೀಟರ್, 14 ನಿಲ್ದಾಣ. 2012ರಲ್ಲಿ ಅಗೆಯೋಕೆ ಶುರು ಮಾಡಿದ್ದು, ಮುಗಿಯೋಕೆ ಹನ್ನೆರಡು ವರ್ಷ ಹಿಡಿಯಿತು. ಮೆಟ್ರೋ ಕೆಲಸದ ತಗಡಿನ ಬೇಲಿ ನೋಡುತ್ತಲೇ ವಯಸ್ಸಾದ ನಮಗೆ ಇದು ಹೊಸದೇನಲ್ಲ ಬಿಡಿ. ಮೊದಲ ಒಂದು ತಿಂಗಳು ಟಿಕೆಟ್ಟಿಗೆ ದುಡ್ಡೇ ಇರಲಿಲ್ಲ, ಹಾಗಾಗಿ ನಾನು ಹೋದಾಗ ರೈಲು ತುಂಬಿ ತುಳುಕುತ್ತಿತ್ತು. ನಾಲ್ಕನೇ ದಿನ ಬೆಳಗ್ಗೆ ದೊಡ್ಡ ಲೆನ್ಸನ್ನೆಲ್ಲ ರೂಮಲ್ಲೇ ಬಿಟ್ಟು, 35 ಎಂ.ಎಂ. ಒಂದನ್ನೇ ಹಾಕಿಕೊಂಡು ಹೊರಟೆ.

ಹೊರಟವನೇ ಎಡವಟ್ಟು ಮಾಡಿಕೊಂಡೆ. ರಾತ್ರಿಯೆಲ್ಲಾ ಎ.ಸಿ.ಯಲ್ಲಿ ತಣ್ಣಗಿದ್ದ ಕ್ಯಾಮೆರಾ ಬೀದಿಯ ಸೆಕೆಗೆ ಬಂದ ತಕ್ಷಣ ಲೆನ್ಸ್ ಮೇಲೆ ಬಿಳಿ ಆವಿ ಕೂತಿತು. ಒರೆಸಿದರೆ ಮತ್ತೆ ಬರುತ್ತದೆ. ಇಪ್ಪತ್ತು ನಿಮಿಷ ಫುಟ್‌ಪಾತಿನ ಪುಟ್ಟ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತು ಕಾಫಿ ಕುಡಿದೆ. ಲೋಟದ ಮೇಲೆ ಸಣ್ಣ ಫಿಲ್ಟರ್ ಇಟ್ಟು ಡಿಕಾಕ್ಷನ್ ಇಳಿಸಿ, ಕೆಳಗೆ ಮಂದ ಹಾಲು, ಐಸ್. ನಮ್ಮ ಫಿಲ್ಟರ್ ಕಾಫಿಯ ದಾಯಾದಿ ಅನ್ನಬಹುದು. ಆಮೇಲಿಂದ ರಾತ್ರಿ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಮಲಗುತ್ತಿದ್ದೆ. ಬೆಳಗ್ಗೆ ಕವರ್ ಸಮೇತ ಹೊರಗೆ ತಂದು, ಬಿಸಿ ಹತ್ತಿದ ಮೇಲೆ ತೆಗೆದರೆ ಆವಿಯೆಲ್ಲ ಕವರಿನ ಹೊರಗೇ ಕೂರುತ್ತದೆ.

ಈ ಮೆಟ್ರೋದಲ್ಲಿ ಮೊದಲ ಮೂರು ನಿಲ್ದಾಣ ನೆಲದಡಿ. ಮೂರನೆಯದಾದ ಬಾ ಸೋನ್ ನಿಲ್ದಾಣ ದಾಟಿದ ಮೇಲೆ ರೈಲು ಸುರಂಗದಿಂದ ಮೇಲಕ್ಕೆ ಏರುತ್ತದೆ. ಆಗ ಬೋಗಿಯ ಒಳಗೆ ಒಮ್ಮೆಲೇ ಬೆಳಕು. ಮಾತಾಡುತ್ತಿದ್ದವರೆಲ್ಲ ಕಿಟಕಿ ಕಡೆ ತಿರುಗುತ್ತಾರೆ, ಫೋನುಗಳು ಮೇಲೇಳುತ್ತವೆ, ಮಕ್ಕಳು ಸೀಟಿನ ಮೇಲೆ ಮಂಡಿಯೂರುತ್ತಾರೆ. ನನಗೆ ಬೇಕಾಗಿದ್ದು ಇದೇ ಅನ್ನಿಸಿತು. ಆದರೆ ಎರಡು ಸೆಕೆಂಡಿನಲ್ಲಿ ಬೆಳಕು ಪೂರ್ತಿ ಬದಲಾಗುತ್ತದೆ. ಮೊದಲ ಸಲ ಕಿಟಕಿಯೆಲ್ಲ ಬೆಳ್ಳಗೆ ಹೊಡೆದುಹೋಯಿತು. ಎರಡನೇ ಸಲ ಮುಖಗಳು ಕಪ್ಪಾದವು. ಕೊನೆಗೆ ಶಟರ್ 1/250 ಸೆಕೆಂಡು, ಅಪರ್ಚರ್ ಅಂದ್ರೆ ಲೆನ್ಸಿನ ಕಿಂಡಿ ಎಫ್ 4 ಅಂತ ಕಟ್ಟಿಹಾಕಿ, ಐ.ಎಸ್.ಒ. ಅಂದ್ರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಮಾತ್ರ ಆಟೋಗೆ ಬಿಟ್ಟೆ. ಎರಡು ದಿನ ಹನ್ನೊಂದು ಸಲ ಅದೇ ಸುರಂಗದಿಂದ ಹೊರಬಂದೆ. ಕಾವಲಿನ ಹುಡುಗನಿಗೆ ನನ್ನ ಮುಖ ಗುರುತಾಗಿ ನಗೋಕೆ ಶುರು ಮಾಡಿದ.

ಬೀದಿಯಲ್ಲಿ ಇನ್ನೊಂದು ತಮಾಷೆ ಕಾದಿತ್ತು. ಸೈಗಾನ್ ಅಂದ್ರೆ ಬೈಕಿನ ಹೊಳೆ, ಸಿಗ್ನಲ್ ಲೆಕ್ಕಕ್ಕಿಲ್ಲ, 1/15 ಸೆಕೆಂಡಿನ ಶಟರಿನಲ್ಲಿ ಪ್ಯಾನ್ ಮಾಡು, ಅಂದ್ರೆ ಓಡೋ ಬೈಕಿನ ಜೊತೆಗೇ ಕ್ಯಾಮೆರಾ ತಿರುಗಿಸು ಅಂತ ಎಲ್ಲರೂ ಹೇಳಿ ಕಳಿಸಿದ್ದರು. ಹೋಗಿ ನೋಡಿದರೆ ನೂರಾರು ಬೈಕು ಕೆಂಪು ದೀಪಕ್ಕೆ ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ನಿಂತಿವೆ! ಆ ಜನವರಿ 1ರಿಂದ ದಂಡ ಹೆಚ್ಚಿಸಿದ್ದರು. ಬೈಕಿನವರು ಸಿಗ್ನಲ್ ಹಾರಿದರೆ 40ರಿಂದ 60 ಲಕ್ಷ ಡಾಂಗ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ 13ರಿಂದ 20 ಸಾವಿರ ರೂಪಾಯಿ. ಚಿತ್ರದ ಪ್ಲಾನ್ ಬದಲಾಯಿಸಿದೆ. ನಿಂತವರ ಮುಖ ತೆಗೆದೆ. ಹೊಸ ವರ್ಷದ ಹಬ್ಬ ತೆತ್ ಹತ್ತಿರವಿತ್ತು, ಒಬ್ಬೊಬ್ಬರ ಬೆನ್ನ ಹಿಂದೆ ಕುಂಡದ ಸಮೇತ ಹಳದಿ ಹೂವಿನ ಮಾಯ್ ಗಿಡ, ಕಿತ್ತಳೆಯಂಥ ಪುಟ್ಟ ಹಣ್ಣಿನ ಗಿಡ. ಸಿಗ್ನಲ್ಲಿನಲ್ಲಿ ಒಂದು ತೋಟವೇ ನಿಂತ ಹಾಗಿತ್ತು. ಒಂದು ಎಚ್ಚರಿಕೆ: ಕ್ಯಾಮೆರಾ ಬೆಲ್ಟನ್ನು ಅಡ್ಡಕ್ಕೆ ಹಾಕಿಕೊಳ್ಳಿ, ರಸ್ತೆ ಅಂಚಿಗೆ ನಿಂತು ಫೋನ್ ನೋಡಬೇಡಿ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುವವರೂ ಇದ್ದಾರೆ.

ಡ್ರೋನ್ ಒಯ್ಯಲಿಲ್ಲ. ಆಗ ಅಲ್ಲಿ ಅದಕ್ಕೆ ರಕ್ಷಣಾ ಇಲಾಖೆಯ ಅನುಮತಿ ಬೇಕಿತ್ತು. ಎಂಟು ದಿನದ ಕೆಲಸಕ್ಕೆ ಯಾರಿಗೆ ಬೇಕು ಆ ತಲೆನೋವು. ಅದರ ಬದಲು ನದಿಯಾಚೆಯ ಥು ಥಿಯೆಮ್ ದಂಡೆಗೆ ಹೋದೆ. ಈಚೆ ಇಡೀ ಊರು ಮುಗಿಲಿಗೆ ಏರಿದೆ, ಆಚೆ ಹುಲ್ಲು, ಖಾಲಿ ಸೈಟು, ಗಾಳಿಪಟ ಹಾರಿಸುವ ಮಕ್ಕಳು. ಸಂಜೆಯ ನೀಲಿ ಬೆಳಕು ಇಪ್ಪತ್ತು ನಿಮಿಷವೂ ಇರುವುದಿಲ್ಲ, ಮೊದಲೇ ಹೋಗಿ ಜಾಗ ಹಿಡಿಯಬೇಕು.

ಕೊನೆಗೆ ಪತ್ರಿಕೆಯಲ್ಲಿ ಎರಡು ಪುಟಕ್ಕೆ ಹಾಕಿದ್ದು ಮೆಟ್ರೋದ ಒಬ್ಬ ಅಜ್ಜಿಯ ಚಿತ್ರ. ಹೂವಿನ ಬಟ್ಟೆ, ಮುತ್ತಿನ ಸರ, ಮಡಿಲಲ್ಲಿ ಹಣ್ಣಿನ ಚೀಲ. ಬಲಗಡೆ ಕಿಟಕಿಯಲ್ಲಿ ಲ್ಯಾಂಡ್‌ಮಾರ್ಕ್ 81 ಬಂದಾಗ ಅಂಗೈಯನ್ನು ಗಾಜಿಗೆ ಒತ್ತಿ ನೋಡುತ್ತಿದ್ದರು. ತೆಗೆದ ಮೇಲೆ ಕ್ಯಾಮೆರಾ ತೋರಿಸಿ, ಕೈಸನ್ನೆಯಲ್ಲೇ "ಪರವಾಗಿಲ್ವಾ?" ಅಂತ ಕೇಳಿದೆ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು, ಮೊಮ್ಮಗಳಿಗೆ ಏನೋ ಹೇಳಿದರು. ಆ ಹುಡುಗಿ ನಾಚಿಕೊಂಡು ಇಂಗ್ಲಿಷಿನಲ್ಲಿ ತಿಳಿಸಿದಳು: ಬಿಲ್ಡಿಂಗಿನ ತಲೆ ಕಟ್ ಆಗಿದೆಯಂತೆ, ಇನ್ನೊಂದು ಸಲ ಸರಿಯಾಗಿ ತೆಗೀಬೇಕಂತೆ.